ಬೆಳ್ಳಿ ಬಣ್ಣದ ಸ್ಟಾರ್ಟರ್

ಅಕ್ಕನ ಹಳೆಯ ಕಾರಿನ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಬೆಂಚಿನ ಮೇಲಿಟ್ಟ ಮೆಕ್ಯಾನಿಕ್, ಅದರ ಮೂತಿ ನೋಡಿದವನೇ ಸ್ಪ್ಯಾನರ್ ಕೆಳಗಿಟ್ಟ. ಇಂಜಿನ್ನಿಗೆ ಒತ್ತಿ ಕೂರುವ ಚಪ್ಪಟೆ ಅಂಚಿನ ತುಂಬ ಬೆಳ್ಳಿ ಬಣ್ಣ. ಅವನೇ ಬಳಿದದ್ದು.

ಎಂಟು ತಿಂಗಳ ಹಿಂದೆ ಇದೇ ಮೋಟಾರಿಗೆ ಹೊಸ ಕಾರ್ಬನ್ ಬ್ರಷ್, ಹೊಸ ಬುಶ್ ಹಾಕಿದ್ದ. ಅಷ್ಟಕ್ಕೆ ಸುಮ್ಮನಿರಲಾರದೆ ಬಣ್ಣವನ್ನೂ ಹೊಡೆದಿದ್ದ. ಊರಿನ ಬೇರೆ ಯಾವ ಗ್ಯಾರೇಜಿನವರೂ ಹಾಗೆ ಮಾಡುತ್ತಿರಲಿಲ್ಲ. ಅದು ಅವನ ಜಂಬ. ಬಣ್ಣ ತಾಗದಂತೆ ಆ ಅಂಚಿಗೆ ಮೊದಲು ಟೇಪ್ ಸುತ್ತಬೇಕಿತ್ತು. ಮೋಟಾರಿಗೆ ಬಂದ ಕರೆಂಟು ಅಲ್ಲಿನ ಬರಿಯ ಲೋಹದ ಮೂಲಕವೇ ಮರಳಬೇಕು. ಬಣ್ಣ ಅಡ್ಡ ಬಂದರೆ ಮೋಟಾರು ಒಮ್ಮೆ ತಿರುಗುತ್ತದೆ, ಹತ್ತು ಸಲ ಟಕ್ ಎಂದು ಸುಮ್ಮನಾಗುತ್ತದೆ. ಅಕ್ಕ ಹೇಳಿದ್ದೂ ಅದನ್ನೇ.

"ಕೀ ತಿರುಗಿಸಿದ್ರೆ ಟಕ್ ಅನ್ನುತ್ತೆ ಕಣೋ. ಆಮೇಲೆ ಏನೂ ಇಲ್ಲ."

ಅವನು ಬಿಚ್ಚಿ ನೋಡಿರಲಿಲ್ಲ. ಮನೆಯವರೆಲ್ಲರೆದುರು ತಾನೇ ಕೀ ತಿರುಗಿಸಿದ್ದ. ಹಾಳಾದ್ದು ಆಗ ಒಂದೇ ಏಟಿಗೆ ಸ್ಟಾರ್ಟಾಗಿತ್ತು. "ಕಾರಿಗೇನೂ ಆಗಿಲ್ಲ ಭಾವ, ತಿರುಗಿಸೋ ಕೈಗೇ ಏನೋ ಆಗಿದೆ," ಎಂದಿದ್ದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎರಡು ಸಲ ದಾರಿಹೋಕರಿಂದ ಕಾರು ತಳ್ಳಿಸಿಕೊಂಡಿದ್ದ ಅಕ್ಕನಿಗೆ 'ತಳ್ಳುರಾಣಿ' ಎಂದು ಹೆಸರಿಟ್ಟವನೂ ಇವನೇ.

ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್ ಅವಳು. ಹೆಸರು ಬಿದ್ದ ಮೇಲೆ ಕೀಯನ್ನು ಮೊಳೆಗೆ ನೇತುಹಾಕಿ, ಭಾರದ ಚೀಲ ಹೆಗಲಿಗೇರಿಸಿ ಬಸ್ಸಿಗೆ ಕಾಯತೊಡಗಿದಳು. ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ. ಈಗ ಕಾರು ಮಾರಾಟಕ್ಕಿತ್ತು. ಸರಿಮಾಡಿಕೊಡು ಎಂದು ಭಾವ ತಂದು ಬಿಟ್ಟಿದ್ದರು.

ಉಜ್ಜುಕಾಗದದಿಂದ ಅಂಚನ್ನು ತಿಕ್ಕಿದ. ಬೆಳ್ಳಿ ಪುಡಿ ಬೆರಳಿಗೆ ಮೆತ್ತಿತು. ಮೋಟಾರನ್ನು ಕೂರಿಸಿ ಕೀ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಸ್ಟಾರ್ಟಾಯಿತು. ಹತ್ತು ಸಲ ನೋಡಿದ, ಹತ್ತು ಸಲವೂ. ದೋಷ ಬೇರೆಲ್ಲೋ ಇರಲಿ, ಒಮ್ಮೆಯಾದರೂ ಕೈಕೊಡಬಾರದೇ ಎಂದು ಆಸೆಪಟ್ಟ. ಬೆಂಚಿನ ಮೇಲಿನ ಪುಡಿಯನ್ನು ಊದಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಊದಲಿಲ್ಲ.

ಮಧ್ಯಾಹ್ನ ಅಕ್ಕ ಕಾರಿನಲ್ಲುಳಿದಿದ್ದ ತನ್ನ ಸಾಮಾನು ಒಯ್ಯಲು ಬಂದಳು.

"ಅಕ್ಕ, ತಪ್ಪು ನಿಂದಲ್ಲ. ನಾನು ಹೊಡೆದ ಬಣ್ಣದ್ದು," ಎಂದು ಬೆರಳು ತೋರಿಸಿದ.

ಅವಳು ಕಾರಿನ ಮುಂದಿನ ಡಬ್ಬಿಯಿಂದ ತನ್ನ ಕೈಗವಸು ತೆಗೆಯುತ್ತಲೇ ಇದ್ದಳು. "ನಿಂಗೆ ಇವತ್ತು ಗೊತ್ತಾಯ್ತಾ?"

"ಬೆಳಿಗ್ಗೆ. ನಿಂಗೆ ಮೊದಲೇ ಗೊತ್ತಿತ್ತಾ?"

"ಬಣ್ಣದ್ದು ಅಂತ ಗೊತ್ತಿರಲಿಲ್ಲ. ನನ್ನ ಕೈಯ ತಪ್ಪಲ್ಲ ಅಂತ ಗೊತ್ತಿತ್ತು. ದಿನಕ್ಕೆ ಎಂಟು ಗಾಯ ಬಿಚ್ಚಿ ಕಟ್ಟೋ ಕೈ ಇದು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆನಲ್ಲೋ. ಟಕ್ ಅನ್ನುತ್ತೆ ಅಂತ."

"ತಪ್ಪಾಯ್ತು," ಎಂದ.

"ನಕ್ಕಿದ್ದು ಎಲ್ಲರೆದುರು. ಈಗ ಇಲ್ಲಿ ಯಾರಿದಾರೆ?"

ಅಷ್ಟರಲ್ಲಿ ಭಾವ ಕಾರು ಕೊಳ್ಳುವವನನ್ನು ಕರೆದುಕೊಂಡು ಒಳಬಂದರು. "ಏನು, ತಳ್ಳುರಾಣಿಯವರು ಬೀಳ್ಕೊಡೋಕೆ ಬಂದ್ರಾ?"

"ಭಾವ," ಎಂದ ಅವನು. "ಕಾರು ಕೆಡಿಸಿದ್ದು ನಾನು. ಸರಿಯಾಗಿ ನೋಡದೆ ಅಕ್ಕನ ಮೇಲೆ ಹಾಕಿದೆ. ಆ ಹೆಸರು ಇನ್ನು ಬೇಡ."

ಭಾವನ ನಗು ಅರ್ಧಕ್ಕೇ ನಿಂತಿತು. ಕೊಳ್ಳಲು ಬಂದವನು ಟೈರು ನೋಡುವವನಂತೆ ಬಗ್ಗಿದ. ಅಕ್ಕ ಕೈಗವಸುಗಳನ್ನು ಮತ್ತೆ ಡಬ್ಬಿಯಲ್ಲಿಟ್ಟು, ಚೀಲವನ್ನು ಪಕ್ಕದ ಸೀಟಿಗೆ ಹಾಕಿ, ಕೀ ತಿರುಗಿಸಿ ಹೊರಟೇಬಿಟ್ಟಳು. ತಮ್ಮನ ಕಡೆ ನೋಡಲಿಲ್ಲ.

ಬೀದಿಯ ತುದಿಯಲ್ಲಿ ಕಾರು ನಿಂತಿತು. ಇಂಜಿನ್ ಆರಿಸಿದ್ದು ಅವನಿಗೆ ಕೇಳಿಸಿತು. ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ಆರಿಸಿದಳು. ಮೂರನೆಯ ಸಲವೂ ಪರೀಕ್ಷಿಸಿ ನೋಡಿದ ಮೇಲೆಯೇ ತಿರುವು ದಾಟಿದಳು.

ಅವನು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬಣ್ಣ ಹೋಗಲಿಲ್ಲ.