ಆರು ವಾರಗಳ ಪ್ರಕಟಣೆ

ರಾತ್ರಿ ಹನ್ನೊಂದೂವರೆಗೆ ಕೆಳಗಿನ ಮನೆಯಿಂದ ಟಕ್ ಎಂದು ಒಂದು ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕುರ್ಚಿಯ ಬಟ್ಟೆಗೆ ಸಣ್ಣ ಮೊಳೆ ಹೊಡೆಯುವ ಸದ್ದು. ನನಗೆ ಎಚ್ಚರವಾಗಬಾರದೆಂದು ಮರ್ನಾ ಸುತ್ತಿಗೆಗೆ ಚಿಂದಿ ಸುತ್ತಿಕೊಂಡು ಹೊಡೆಯುತ್ತಿದ್ದಳು. ನಾನು ಆ ಹೊತ್ತಿಗೆ ಹೇಗೂ ಎಚ್ಚರವಾಗಿಯೇ ಇರುತ್ತೇನೆಂದು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ತನ್ನಿಂದಲೇ ನಿದ್ದೆ ಕೆಟ್ಟಿತೆಂದುಕೊಂಡು ನಿಲ್ಲಿಸಿಬಿಟ್ಟಾಳು ಎಂದು ಭಯ.

ಅಕ್ಕ ತೀರಿಕೊಂಡ ಮೇಲೆ ಕೆಳಗಿನ ಮನೆ ನಾಲ್ಕು ವರ್ಷ ಖಾಲಿ ಬಿದ್ದಿತ್ತು. ಮಾರ್ಚ್‌ನಲ್ಲಿ ಮರ್ನಾ ಕೊವಾಚ್ ಬಾಡಿಗೆಗೆ ಬಂದಳು. ನಲವತ್ತರ ಆಸುಪಾಸು, ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ. ಅಂಚೆಪೆಟ್ಟಿಗೆಯ ಮೇಲೆ ತನ್ನ ಹೆಸರು ಬೇಡವೆಂದಳು. ಕಾರಣವನ್ನು ನಾನು ಕೇಳಲಿಲ್ಲ. ತಿಂಗಳು ಕಳೆದ ಮೇಲೆ ಅವಳೇ ಹೇಳಿದಳು.

"ನಾನೆಲ್ಲಿದೀನಿ ಅಂತ ನಮ್ಮ ಮನೆಯವರಿಗೆ ಗೊತ್ತಾಗ್ಬಾರ್ದು, ಹೆಸ್ಟರ್. ಗೊತ್ತಾದ ದಿನವೇ ಇಲ್ಲಿಂದ ಹೊರಟೆ ಅಂತ ತಿಳ್ಕೊಳ್ಳಿ."

ಎರಡು ಊರುಗಳನ್ನು ಹಾಗೆಯೇ ಬಿಟ್ಟು ಬಂದಿದ್ದಳಂತೆ.

ಬೇಸಿಗೆಯಲ್ಲಿ ಸಾರಟೋಗಾದ ಹೋಟೆಲೊಂದು ಅರವತ್ತು ಕುರ್ಚಿಗಳ ಕೆಲಸ ಕೊಡಲು ಮುಂದೆ ಬಂತು. ಅವರ ವಕೀಲ ಮಾತ್ರ ಕಂಪನಿಗಾದರೆ ಸರಿ, ಒಬ್ಬ ಹೆಂಗಸಿನ ಕೈಗೆ ಕೊಡಲಾಗದು ಎಂದ. ಹೀಗೆ ಅವಳು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಮಾಡಬೇಕಾಯಿತು. ನಷ್ಟವಾದರೆ ಕಂಪನಿಯ ತಲೆಯ ಮೇಲೆ, ಒಡತಿಯ ಹಾಸಿಗೆ ಪಾತ್ರೆ ಅವಳಿಗೇ ಉಳಿಯುತ್ತದೆ. ಅರ್ಜಿಗೆ ಇನ್ನೂರು ಡಾಲರ್. ಆದರೆ ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಇಂಥ ಕಂಪನಿ ಹುಟ್ಟಿದೆ ಎಂದು ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ಎರಡು ಪತ್ರಿಕೆಗಳಲ್ಲಿ, ಆರು ವಾರ ಬಿಡದೆ, ವಿಳಾಸ ಸಮೇತ ಅಚ್ಚು ಹಾಕಿಸಬೇಕು. ಮ್ಯಾನ್‌ಹಟನ್‌ನಲ್ಲಿ ಇದಕ್ಕೆ ಸಾವಿರದ ಮೇಲೆ ಬೀಳುತ್ತದೆ. ನಮ್ಮ ಆಲ್ಬನಿ ಕೌಂಟಿಯಲ್ಲಿ ಕೆಲವು ನೂರರಲ್ಲಿ ಆಗುತ್ತದೆ. ಹಾಗಾಗಿ ನಗರದವರೆಲ್ಲ ಇಲ್ಲೊಂದು ಬಾಡಿಗೆ ವಿಳಾಸ ಹಿಡಿದು, ಕಾಗದದ ಮೇಲೆ ಆಲ್ಬನಿಯವರಾಗಿಬಿಡುತ್ತಾರೆ. ನಾನು ಕೆಲಸ ಮಾಡುವ ವಾರಪತ್ರಿಕೆ ಉಸಿರಾಡುತ್ತಿರುವುದೇ ಈ ಪ್ರಕಟಣೆಗಳ ಪುಟದಿಂದ. ಅದನ್ನು ಟೈಪ್ ಮಾಡುವವಳು ನಾನು. ಈ ಕಂಪನಿಗಳೆಲ್ಲ ನಿಜವಾಗಿ ಬಂದು ಕೂತರೆ ಊರಿನ ಸಂಡಾಸು ಸಾಲದು ಎನ್ನುವುದು ಸಂಪಾದಕ ಗೆರಿಟ್‌ನ ಹಳೆಯ ತಮಾಷೆ.

ಮರ್ನಾ ಬೇರೆ ದಾರಿಗಳನ್ನೂ ಹುಡುಕಿದಳು. ನ್ಯೂ ಮೆಕ್ಸಿಕೋದಲ್ಲಿ ಐವತ್ತು ಡಾಲರ್ ಸಾಕು, ಮಾಲೀಕರ ಹೆಸರನ್ನೂ ಕೇಳುವುದಿಲ್ಲ. ಆದರೆ ಆ ಕಂಪನಿಯಿಂದ ಇಲ್ಲಿ ಕೆಲಸ ಮಾಡಬೇಕಾದರೆ ಇಲ್ಲಿಯೂ ನೋಂದಾಯಿಸಬೇಕು, ಮತ್ತೆ ಅದೇ ಆರು ವಾರ. ನೀನೂ ಒಂದು ಬಾಡಿಗೆ ವಿಳಾಸ ತಗೋ, ವರ್ಷಕ್ಕೆ ನೂರು ಡಾಲರ್ ಆಗಬಹುದು ಎಂದು ಹೇಳಿದೆ.

"ಪ್ರಕಟಣೇಲಿ ನನ್ನ ಹೆಸರು ಇರಲ್ಲ ತಾನೆ? ಬರೀ ವಿಳಾಸಕ್ಕೆ ಯಾಕೆ ನೂರು ದಂಡ? ನಿಮ್ಮ ಪೇಪರ್‌ನ ನಿಮ್ಮ ಗೆರಿಟ್ಟೇ ಓದಲ್ಲ" ಎಂದು ನಕ್ಕಳು.

ಅವಳು ನಗುವುದು ಅಪರೂಪ. ನಾನು ಮತ್ತೆ ಒತ್ತಾಯಿಸಲಿಲ್ಲ. 'ಗ್ರೇ ಮ್ಯೂಲ್ ಚೇರ್ ಕಂಪನಿ ಎಲ್‌ಎಲ್‌ಸಿ, ಹದಿನಾಲ್ಕು, ಮಿಲ್ ರೋಡ್' ಎಂದು ನನ್ನ ಮನೆಯ ವಿಳಾಸವನ್ನು ನಾನೇ ಟೈಪ್ ಮಾಡಿದೆ.

ನಾಲ್ಕನೆಯ ವಾರದ ಗುರುವಾರ, ಗೆರಿಟ್ ಊಟಕ್ಕೆ ಹೋಗಿದ್ದಾಗ, ಓಹಾಯೊದಿಂದ ಫೋನ್ ಬಂತು. ಲಾಯ್ಡ್ ಕೊವಾಚ್ ಎಂದು ಹೆಸರು ಹೇಳಿದ. ನಮ್ಮ ಪತ್ರಿಕೆಯ ಆ ಪುಟವನ್ನು ಅಂತರ್ಜಾಲದಲ್ಲಿ ನೋಡಿದ್ದನಂತೆ.

"ಕುರ್ಚಿ ಅಂಗಡಿಗೆ ಗ್ರೇ ಮ್ಯೂಲ್ ಅಂತ ಹೇಸರಗತ್ತೆ ಹೆಸರಿಡೋ ಹುಚ್ಚು ನಮ್ಮಪ್ಪನಿಗೆ ಬಿಟ್ರೆ ಪ್ರಪಂಚದಲ್ಲಿ ಇನ್ಯಾರಿಗೂ ಇರ್ಲಿಲ್ಲ ಮೇಡಂ" ಎಂದ. "ಇದು ನನ್ನ ತಂಗೀದೇ. ಅಮ್ಮ ಆಸ್ಪತ್ರೇಲಿದಾಳೆ, ಅವಳನ್ನೇ ಕೇಳ್ತಾಳೆ. ಒಂಬತ್ತು ಗಂಟೆ ದಾರಿ, ಹೊರಡೋ ಮುಂಚೆ ಒಂದ್ಮಾತು ಕೇಳೋಣ ಅಂತ ಮಾಡ್ದೆ. ಮಿಲ್ ರೋಡ್ ಹದಿನಾಲ್ಕರಲ್ಲಿ ಅವಳು ಇದಾಳಾ?"

ಗಡುಸು ದನಿಯಲ್ಲ. ಮೃದುವೂ ಅಲ್ಲ. ಅವನು ಎಂಥವನೆಂದು ಅದರಿಂದ ತಿಳಿಯಲಿಲ್ಲ.

"ಈ ಪುಟದಲ್ಲಿ ಮೂವತ್ತೇಳು ಕಂಪನಿ ಇದೆ ಸರ್" ಎಂದೆ. "ಯಾವುದೂ ಇಲ್ಲೀದಲ್ಲ. ಅಚ್ಚಿನ ಖರ್ಚು ಕಮ್ಮಿ ಅಂತ ನಗರದವರು ಇಲ್ಲಿ ವಿಳಾಸ ಹಾಕ್ಕೋತಾರೆ."

"ಹಂಗಾದ್ರೆ ಆ ಮನೇಲಿ?"

"ಯಾರೂ ಇಲ್ಲ. ಆ ಮನೇಲಿ ಯಾರೂ ವಾಸ ಇಲ್ಲ."

ಅಷ್ಟು ಸಲೀಸಾಗಿ ಬಂತು ಮಾತು. ನನ್ನನ್ನೂ ಸೇರಿಸಿ ಹೇಳಿದ್ದೆನೆಂದು ಹೊಳೆದದ್ದು ಆಮೇಲೆ.

ಅವನು ಉಸಿರುಬಿಟ್ಟ. "ಎಂಥಾ ರಾಜ್ಯಾನಪ್ಪ ನಿಮ್ಮದು. ನಮ್ಮಲ್ಲಿ ತೊಂಬತ್ತೊಂಬತ್ತು ಡಾಲರ್ ಬಿಸಾಕಿದ್ರೆ ಕಂಪನಿ ಆಯ್ತು, ಪೇಪರೂ ಇಲ್ಲ, ಮಣ್ಣೂ ಇಲ್ಲ" ಎಂದ. ಒಂದು ವೇಳೆ ಅವಳ ಸುಳಿವು ಸಿಕ್ಕರೆ ಎಂದು ತನ್ನ ನಂಬರ್ ಹೇಳಿದ. ನಾನು ಬರೆದುಕೊಳ್ಳುವವಳಂತೆ ಒಂದೊಂದೇ ಅಂಕಿಯನ್ನು ತಿರುಗಿ ಹೇಳಿದೆ. ಪೆನ್ನು ಮೇಜಿನ ಮೇಲೆಯೇ ಇತ್ತು.

ಸಂಜೆ ಮನೆಗೆ ಬಂದಾಗ ಮರ್ನಾ ಪಾಪ್ರಿಕಾಶ್ ಎಂಬ ಕೋಳಿಸಾರು ಮಾಡಿದ್ದಳು. ಕೂತ್ಕೊಳ್ಳಿ, ಇಬ್ಬರಿಗೂ ಆಗತ್ತೆ ಎಂದಳು. ಬಂದ ಆರು ತಿಂಗಳಲ್ಲಿ ಮೊದಲ ಸಲ ತನ್ನ ಮೇಜಿಗೆ ಕರೆದಿದ್ದಳು. ಹೇಳಲೆಂದೇ ಕುಳಿತೆ. ಹೇಳಿದರೆ ಬೆಳಗಾಗುವುದರೊಳಗೆ ಅವಳ ವ್ಯಾನ್ ಹೊರಡುತ್ತದೆ. ಹೇಳದಿದ್ದರೆ, ಆ ತಾಯಿ ನಿಜವಾಗಿಯೂ ಆಸ್ಪತ್ರೆಯಲ್ಲಿದ್ದರೆ? ಅವಳ ಮನೆಯವರು ಅವಳಿಗೆ ಏನು ಮಾಡಿದ್ದರೋ ನನಗೆ ತಿಳಿಯದು. ಅವಳ ಒಳಿತಿಗಾಗಿಯೇ ಸುಳ್ಳು ಹೇಳಿದೆ ಎಂದು ಹೇಳಿಕೊಳ್ಳಬಹುದಿತ್ತು. ಅದು ಅರ್ಧ ನಿಜ.

ಮರ್ನಾ ಹೋಟೆಲಿನ ಬಟ್ಟೆಯ ತುಂಡೊಂದನ್ನು ದೀಪಕ್ಕೆ ಹಿಡಿದು, ಈ ಹಸಿರು ತೀರಾ ಗಾಢವಾಯಿತೇ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅವಳು ಇನ್ನೊಂದು ಸೌಟು ಬಡಿಸಿದಳು. ಫೋನಿನ ಮಾತನ್ನು ಅವಳಿಗೂ ಗೆರಿಟ್‌ಗೂ, ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದೆ. ಆ ನಂಬರಿನ ಹತ್ತೂ ಅಂಕಿ ನನಗೆ ಬಾಯಿಪಾಠವಾಗಿದ್ದವು.