ಥಂಡಿಯಿಂದ ಶುರುವಾದ ಮಾತು

"ಕ್ಯೋ ವಾ ಸಮುಯಿ ದೆಸು ನೆ," ಎಂದು ಚನ್ನಬಸಯ್ಯ ಮತ್ತೆ ಹೇಳಿದ. ಜಪಾನಿಯಲ್ಲಿ ಇವತ್ತು ಥಂಡಿ ಬಹಳ, ಅಲ್ಲವೇ ಎಂದು ಅರ್ಥ. ಇದು ಮೂರನೆಯ ಸಲ. ಸೋಫಾದ ಮೇಲಿದ್ದ ಹಿರೋಷಿಯ ಅಪ್ಪ ಅಮ್ಮ ಈ ಸಲವೂ ಅಷ್ಟೇ ಆಸ್ಥೆಯಿಂದ ತಲೆಯಾಡಿಸಿದರು. ವುಡ್‌ಬ್ರಿಡ್ಜ್‌ನ ಚನ್ನಬಸಯ್ಯನ ಮನೆಯೊಳಗೆ ಹೀಟರು ಉರಿಯುತ್ತಿತ್ತು. ಅವನ ಬನಿಯನ್ನು ಬೆವರಿಗೆ ತೊಯ್ದು ಹೋಗಿತ್ತು.

ಮಗಳು ಅಕ್ಷರಾ ಮತ್ತು ಹಿರೋಷಿ ಯೂನಿವರ್ಸಿಟಿಯಲ್ಲಿ ಕೂಡಿ ಓದಿದವರು. ಎರಡೂ ಮನೆಯವರು ಒಪ್ಪಿದರೆ ಮಾತ್ರ ಮದುವೆ ಎಂದು ಕೂತಿದ್ದರು. ಜಪಾನಿನಿಂದ ಬಂದಿದ್ದ ಹಿರಿಯರು ನಾಳೆ ಬೆಳಿಗ್ಗೆ ವಿಮಾನ ಹತ್ತುವವರು. ಮಾತು ಇವತ್ತೇ ಆಗಬೇಕು. ಆದರೆ ಸೀದಾ ಕೇಳಿದರೆ ತನ್ನ ಅಪ್ಪ ಮುದುಡಿಕೊಳ್ಳುತ್ತಾರೆ ಎಂದು ಹಿರೋಷಿ ಎಚ್ಚರಿಸಿದ್ದ. ಮೊದಲು ಹವೆ, ಆಮೇಲೆ ಊಟ, ಆಮೇಲೆ ಮಕ್ಕಳು. ಅಲ್ಲಿಂದ 'ಸೋ ಇಯೆಬ', ಅಂದರೆ 'ಅಂದ ಹಾಗೆ' ಎಂದು ಈಗಷ್ಟೇ ನೆನಪಾದವರ ಹಾಗೆ ಮದುವೆಗೆ ಬರಬೇಕು.

"ಹೆಣ್ಣು ಕೇಳಾಕ ಹೋದವರು ಮೊದಲ ಮಳಿ ಬೆಳಿ ಮಾತಾಡೂದು ನಮ್ಮ ಕಡೆನೂ ಐತಿ ತಗೋ!" ಎಂದು ಚನ್ನಬಸಯ್ಯ ಆಗ ನಕ್ಕಿದ್ದ. ಬೋಲ್ಟನ್ನಿನ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟು ಓಡಿಸುತ್ತ ಎಲ್ಲವನ್ನೂ ಗಿಳಿಪಾಠ ಮಾಡಿದ್ದ.

ಅಡಿಗೆಮನೆಯ ಬಾಗಿಲಿಂದ ಹೆಂಡತಿ ಮಲ್ಲವ್ವ ಪಿಸುಗುಟ್ಟಿದಳು. "ಥಂಡಿ ಸಾಕ್ರಿ! ಮುಂದಕ್ಕ ಹೋಗ್ರಿ!"

ಮುಂದಿನದು ಒಂದೂ ನೆನಪಿಗೆ ಬರಲಿಲ್ಲ. ಅವನು ಚಹಾದ ಕಪ್ಪು ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ. "ಅಂದಂಗ..." ಎಂದ, ಕನ್ನಡದಲ್ಲೇ.

ಹಿರೋಷಿಯ ಅಪ್ಪ ಚುರುಮುರಿಯ ತಟ್ಟೆ ಬದಿಗಿಟ್ಟರು. ಸೋಫಾದಿಂದ ಇಳಿದು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ನೆಟ್ಟಗೆ ಕೂತರು. ಅವರ ಹೆಂಡತಿಯೂ ಇಳಿದರು. ಚನ್ನಬಸಯ್ಯ ದಡಬಡಿಸಿ ಎದುರಿಗೆ ಕೂತ.

"ನಮ್ಮ ಹುಡುಗಿ... ನಿಮ್ಮ ಹುಡುಗ..." ಎಂದು ಇಬ್ಬರ ಕಡೆಗೂ ಕೈ ತೋರಿಸಿದ.

ಹಿರೋಷಿಯ ಪಕ್ಕ ಕೂತಿದ್ದ, ಅಷ್ಟಿಷ್ಟು ಜಪಾನಿ ಕಲಿತಿದ್ದ ಅಕ್ಷರಾ ಅನುವಾದಿಸಲು ಬಾಯಿ ತೆರೆದಳು. ಹಿರೋಷಿಯ ಅಪ್ಪ ಬೇಡವೆಂದು ಕೈ ಎತ್ತಿದರು. ದೊಡ್ಡ ದನಿಯಲ್ಲಿ ಏನೋ ಹೇಳಿ ಹಣೆ ನೆಲಕ್ಕೆ ಮುಟ್ಟುವಷ್ಟು ಬಾಗಿದರು.

"ಓ ಮೈ ಗಾಡ್, ಅಪ್ಪಾ!" ಅಕ್ಷರಾ ಕಿರುಚಿದಳು. "ನಿಮ್ಮ ಮಗಳನ್ನ ನಮಗ ಕೊಡ್ರಿ ಅನ್ನಾಕತ್ತಾರ! ನಾಲ್ಕು ದಿನದಿಂದ ಹೆಂಗ ಕೇಳೂದಂತ ಅವರಿಗೂ ತಿಳಿವಲ್ದಂತ!"

ಚನ್ನಬಸಯ್ಯನಿಗೆ ಹುಚ್ಚು ಖುಷಿಯಾಯಿತು. ಅವನೂ ಬಗ್ಗಿ ಹಣೆಯನ್ನು ಕಾರ್ಪೆಟ್ಟಿಗೆ ಹಚ್ಚಿದ. ಯಾರು ಮೊದಲು ತಲೆ ಎತ್ತಬೇಕೋ ಇಬ್ಬರಿಗೂ ಗೊತ್ತಿರಲಿಲ್ಲ. ಮಲ್ಲವ್ವ ಸಕ್ಕರೆಯ ಬಟ್ಟಲು ಹಿಡಿದು ಬಂದು, ಬಗ್ಗಿದ ಬೀಗರಿಬ್ಬರ ನಡುವೆ ಕಾಯುತ್ತ ನಿಂತಳು.