ಬಲಗೈಯವರ ರೈಫಲ್

ಮಗಳು ಎಡಚಿ. ಅಪ್ಪನ ರೈಫಲ್ಲೋ ಬಲಗೈಯವರಿಗೆಂದು ಮಾಡಿದ್ದು. ಖಾಲಿ ತೋಟಾ ಹೊರಹಾಕುವ ಬೋಲ್ಟಿನ ಹಿಡಿ ಬಲಬದಿಗಿತ್ತು. ಶೂಟಿಂಗ್ ಕ್ಲಬ್ಬಿನಲ್ಲಿ ಪ್ರತಿ ಗುಂಡಿನ ನಂತರ ಅವಳು ಎಡಗೈಯನ್ನು ರೈಫಲ್ಲಿನ ಮೇಲಿಂದ ದಾಟಿಸಿ ಅದನ್ನು ಎಳೆಯಬೇಕಿತ್ತು. ಕ್ಲಬ್ಬಿನವರು ನಕ್ಕರು. ಅಪ್ಪ ಯಾರಿಗೂ ಸೊಪ್ಪು ಹಾಕಲಿಲ್ಲ. ಕೆನ್ನೆ ಆನಿಸುವ ಮರದ ಉಬ್ಬನ್ನು ಒಂದು ಬದಿಯಿಂದ ಅರದಲ್ಲಿ ಉಜ್ಜಿ ತೆಗೆದು, ಅವಳಿಗೊಪ್ಪುವಂತೆ ಇನ್ನೊಂದು ಬದಿಗೆ ಹೊಸ ಉಬ್ಬು ಕೂರಿಸಿದ.

ವರ್ಷಗಳ ಮೇಲೆ ಕ್ಲಬ್ಬು ಅವಳಿಗೆ ಎಡಗೈಯವರ ರೈಫಲ್ ತರಿಸಿಕೊಟ್ಟಿತು. ಅವಳು ಹಳೆಯದನ್ನು ಒರೆಸಿ ಅಪ್ಪನ ಮುಂದಿಟ್ಟಳು.

"ನಿಂದು ನೀನೇ ಇಟ್ಕೋ ಅಪ್ಪ. ಇಷ್ಟು ವರ್ಷ ನಾನೇ ಹಿಡ್ಕೊಂಡು ಕೂತಿದ್ದೆ."

"ನೋಡೋಣ, ಕೈ ಇನ್ನೂ ನೆಟ್ಟಗಿದ್ಯಾ ಅಂತ."

ಅಪ್ಪ ಕ್ಲಬ್ಬಿನಲ್ಲಿ ಗುರಿಯೆದುರಿನ ಚಾಪೆಯ ಮೇಲೆ ಬೋರಲು ಮಲಗಿ, ರೈಫಲ್ಲನ್ನು ಬಲಭುಜಕ್ಕೆ ಒತ್ತಿಕೊಂಡ. ಕೆನ್ನೆಗೆ ಆಸರೆಯೇ ಸಿಗಲಿಲ್ಲ. ಮತ್ತೆ ಮತ್ತೆ ಸರಿಮಾಡಿಕೊಂಡ.

"ಕೂರ್ತಿಲ್ವಾ?" ಮಗಳು ಕೇಳಿದಳು.

"ಯಾವನೋ ತಲೆಕೆಟ್ಟವನು ಮರ ಕೆಡಿಸಿಟ್ಟಿದಾನೆ."

ಆಮೇಲೆ ರೈಫಲ್ಲನ್ನು ಎಡಭುಜಕ್ಕೆ ಬದಲಿಸಿದ. ಕೆನ್ನೆ ತಟ್ಟನೆ ಕೂತಿತು. ಗುಂಡು ಹಾರಿದ ಮೇಲೆ ಅವನ ಎಡಗೈ, ಯಾರೂ ಹೇಳಿಕೊಡದೆಯೇ, ರೈಫಲ್ಲಿನ ಮೇಲಿಂದ ದಾಟಿ ಬೋಲ್ಟಿನ ಹಿಡಿ ಹುಡುಕಿತು.

ಕ್ಲಬ್ಬಿನವರು ನಕ್ಕರು. ಮಗಳು ಸೊಪ್ಪು ಹಾಕಲಿಲ್ಲ.